ಮೂಗಿಲ್ಲದ ಮಾಮ

ನನ್ನ ಅಕ್ಕನ ಮಗ ಬಿಡಿಸೋ ಚಿತ್ರಗಳಲ್ಲಿ ಮನುಷ್ಯರೆಲ್ಲ ಒಂದೇ ಥರ. ತಲೆಗೊಂದು ಸೊನ್ನೆ, ಮೈಗೊಂದು ಚೌಕ, ಕಾಲಿಗೆ ಎರಡು ಗೆರೆ. ಮೂಗು ಯಾರಿಗೂ ಇಲ್ಲ. ಆದರೆ ಪ್ರತಿಯೊಬ್ಬರ ಪಕ್ಕ ಅವರವರ ಗಾಡಿ ಇರುತ್ತೆ, ಆ ಗಾಡಿ ಮಾತ್ರ ಥೇಟ್ ಅದೇ. ನನ್ನ ಪಲ್ಸರ್‌ನ ಒಡೆದ ಇಂಡಿಕೇಟರು, ಭಾವನ ಆಕ್ಟಿವಾದ ನಂಬರ್ ಪ್ಲೇಟು, ನೀರಿನ ಟ್ಯಾಂಕರ್ ಹಿಂದೆ ಸೋರೋ ಪೈಪು. ಊರಿಂದ ಬಂದ ನಮ್ಮವ್ವಂಗೆ ಗಾಡಿ ಇಲ್ವಲ್ಲ, ಏನು ಮಾಡ್ತಾನೆ ಅಂತ ನೋಡಿದ್ರೆ, ಅವಳ ಪಕ್ಕ ಕೆಂಪು ಕೆಎಸ್‌ಆರ್‌ಟಿಸಿ ಬಸ್ಸು ನಿಂತಿತ್ತು.

ಅವನಿಗೆ ಏಳು ವರ್ಷ. ಆಟಿಸಂ ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ದೊಡ್ಡನೆಕ್ಕುಂದಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲೇ ಅವರ ಮನೆ. ರಿಂಗ್ ರೋಡಿಗೆ ಹೋದರೆ ಮೆಟ್ರೋ ಕಂಬ ಎಣಿಸ್ತಾನೆ, 500ಡಿ ಬಸ್ಸು ಬಂದ್ರೆ ಕುಣೀತಾನೆ.

ಹೋದ ವರ್ಷ ಸ್ಕೂಲಿನವರು ರಿಪೋರ್ಟ್ ಕೇಳಿದ್ರು. ಅದಕ್ಕೆ ಕರ್ಕೊಂಡು ಹೋದಲ್ಲಿ ಹಾಳೆ, ಪೆನ್ಸಿಲ್ ಕೊಟ್ಟು ‘ಒಬ್ಬ ಮನುಷ್ಯನ ಚಿತ್ರ ಬರಿ’ ಅಂದರಂತೆ. ಇದು 1926ರಲ್ಲಿ ಅಮೆರಿಕದ ಫ್ಲಾರೆನ್ಸ್ ಗುಡೆನಫ್ ಅನ್ನೋ ಮನಶ್ಶಾಸ್ತ್ರಜ್ಞೆ ಮಾಡಿದ ಪರೀಕ್ಷೆ. ಚಿತ್ರ ಚೆಂದ ಇದೆಯಾ ಅಂತ ನೋಡಲ್ಲ. ಕಣ್ಣಿದ್ರೆ ಒಂದು ಅಂಕ, ಕತ್ತಿದ್ರೆ ಒಂದು, ಬೆರಳಿನ ಲೆಕ್ಕ ಸರಿಯಿದ್ರೆ ಇನ್ನೊಂದು, ಹೀಗೆ 51 ಅಂಶ. 1963ರಲ್ಲಿ ಡೇಲ್ ಹ್ಯಾರಿಸ್ ಅದನ್ನ 73ಕ್ಕೆ ಏರಿಸಿದ್ರು. ಬರೋಡಾದ ಪ್ರಮೀಳಾ ಫಾಟಕ್ ನಮ್ಮ ದೇಶದ ಮಕ್ಕಳಿಗೆ ಹೊಂದಿಸಿದ್ರು. ಮಾತು ಕಮ್ಮಿ ಇರೋ ಮಗುವಿಗೂ ಕೊಡಬಹುದು ಅನ್ನೋದು ಇದರ ಅನುಕೂಲ. ನಮ್ಮ ಹುಡುಗ ಅರ್ಧ ನಿಮಿಷದಲ್ಲಿ ಮನುಷ್ಯನನ್ನ ಮುಗಿಸಿ, ಹತ್ತು ನಿಮಿಷ ಆಟೋ ಬರೆದ. ಮೀಟರ್ ಸಮೇತ. ಆಟೋಗೆ ಅಂಕ ಇಲ್ಲ. ಬುದ್ಧಿಯ ವಯಸ್ಸು ನಾಲ್ಕು ಅಂತ ಬಂತು.

ದಿನಾ ಟೆಸ್ಟ್ ಕೇಸ್ ಬರೆಯೋನು ನಾನು. ಕೇಳಿದ್ದಕ್ಕೆ ಮಾತ್ರ ಟೆಸ್ಟ್ ಉತ್ತರ ಕೊಡುತ್ತೆ, ಅದು ಅದರ ತಪ್ಪಲ್ಲ. ಆ ಒಂದು ನಂಬರ್ ಹಿಡ್ಕೊಂಡು ಇಡೀ ಹುಡುಗನನ್ನ ಅಳೆಯೋದು ನಂಗೆ ಒಪ್ಪಿಗೆಯಿಲ್ಲ.

ಅಕ್ಕನ ಚಿಂತೆ ನಂಬರ್ ಅಲ್ಲ, ಬೇರೆ. 2006ರಲ್ಲಿ ಆಂಥೊನಿ ಲೀ ಮತ್ತು ಪೀಟರ್ ಹಾಬ್ಸನ್ ಅನ್ನೋರು ಆಟಿಸಂ ಇರೋ ಮಕ್ಕಳ ಚಿತ್ರಗಳನ್ನ, ಕಲಿಕೆಯಲ್ಲಿ ಹಿಂದಿರೋ ಬೇರೆ ಮಕ್ಕಳ ಚಿತ್ರಗಳ ಜೊತೆ ಇಟ್ಟು ನೋಡಿದ್ರು. ಆಟಿಸಂ ಇರೋ ಮಕ್ಕಳು ಬರೆದ ಜನ ಒಬ್ಬರಿಗಿಂತ ಒಬ್ಬರು ಅಷ್ಟಾಗಿ ಬೇರೆ ಕಾಣ್ತಿರಲಿಲ್ಲ. ನಾನು ಇದನ್ನ ಹೇಳಿದ ದಿನ ಅಕ್ಕ ಸಾರಿಗೆ ಒಗ್ಗರಣೆ ಹಾಕ್ತಿದ್ಲು. ಸ್ಟವ್ ಆರಿಸಿ ಕೇಳಿದ್ಲು: “ಅಂದ್ರೆ ನನ್ನ ಮುಖ ಅವನ ಮನಸ್ಸಲ್ಲಿ ಇಲ್ವೇನೋ?”

ನೆಂಟರು ಈ ಸಮಯಕ್ಕೇ ವಾಟ್ಸಾಪಲ್ಲಿ ಸ್ಟೀಫನ್ ವಿಲ್ಟ್‌ಶೈರ್ ವಿಡಿಯೋ ಕಳಿಸ್ತಾರೆ. ಲಂಡನ್ನಿನವನು, ಹೆಲಿಕಾಪ್ಟರಲ್ಲಿ ಒಂದು ಸುತ್ತು ಹೊಡೆದು ಇಡೀ ಊರನ್ನ ನೆನಪಿಂದ ಬರೀತಾನೆ. ‘ನಿಮ್ಮವನೂ ಹಿಂಗೇ ಆಗ್ತಾನೆ ನೋಡ್ತಿರಿ.’ ಅಂಥವರು ಅಪರೂಪ ಕಣ್ರೀ. ನಮ್ಮವನು ತನ್ನ ಪ್ಯಾಂಟಿನ ಗುಂಡಿ ತಾನೇ ಹಾಕ್ಕೊಂಡ್ರೆ ನಮಗೆ ಹಬ್ಬ.

ಅಕ್ಕನ ಪ್ರಶ್ನೆ ತಲೇಲೇ ಕೂತಿತ್ತು. ಒಂದು ಭಾನುವಾರ ಹಳೇ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತೆ. ನೂರಕ್ಕೂ ಹೆಚ್ಚಿದ್ವು. ಎಲ್ಲರ ಪಕ್ಕ ಏನಾದರೊಂದು ವಾಹನ. ಇಸ್ತ್ರಿಯವರ ಪಕ್ಕ ತಳ್ಳುಗಾಡಿ. ಹೆಚ್ಚೂಕಮ್ಮಿ ಪ್ರತಿ ಹಾಳೆಯಲ್ಲೂ ಒಬ್ಬರ ಪಕ್ಕ ಮಾತ್ರ ಏನೂ ಇಲ್ಲ. ಅದು ಯಾರು ಅಂತ ಅವನನ್ನ ಕೇಳಿದೆ. ತಲೆ ಎತ್ತದೆ “ಅಮ್ಮ” ಅಂದ, ಇನ್ನೊಂದು ಹಾಳೆಯಲ್ಲೂ “ಅಮ್ಮ” ಅಂದ.

ಗುರುತು ಹಿಡಿಯೋಕೆ ಗಾಡಿ ಬೇಕಾಗಿರೋದು ಉಳಿದವರಿಗೆ, ನಿನಗೆ ಬೇಡ ಅಂತ ಅಕ್ಕನಿಗೆ ಹೇಳಿದೆ. “ನಂಗೆ ಗಾಡಿ ಓಡಿಸೋಕೆ ಬರಲ್ಲ, ಅದಕ್ಕೆ ಬರೆದಿಲ್ಲ. ಸುಮ್ನಿರು” ಅಂದ್ಲು. ಅವ್ವಂಗೂ ಬರಲ್ಲ, ಆದ್ರೂ ಬಸ್ಸು ಕೊಟ್ಟಿದ್ದಾನಲ್ಲ ಅಂದೆ. ಏನೂ ಅನ್ನಲಿಲ್ಲ. ಆ ಹಾಳೆಗಳಲ್ಲಿ ಎರಡನ್ನ ತಗೊಂಡು ಬೀರುವಿನೊಳಗೆ ಸೀರೆ ಕೆಳಗೆ ಇಟ್ಟಳು.

ಮುಂದಿನ ಪರೀಕ್ಷೆ ಜೂನಲ್ಲಿ. ಅಕ್ಕ ದಿನಾ ಸಂಜೆ ಮೂಗು ಬರೆಯೋದು ಕಲಿಸ್ತಿದ್ದಾಳೆ. ಕಲಿತಿದ್ದಾನೆ. ನಿನ್ನೆ ಟ್ಯಾಂಕರಿಗೂ ಒಂದು ಇಟ್ಟಿದ್ದ.