ಸವಾರನ ಕೈಗೊಂದು ಬೆಳ್ಳಿಯುಂಗುರ

ಮನುಷ್ಯನಿಗೆ ಒಂದು ಹುಚ್ಚಿದ್ದರೆ ಮನೆಯವರು ಸಹಿಸಿಕೊಳ್ಳುತ್ತಾರೆ; ಎರಡಿದ್ದರೆ ನೆರೆಹೊರೆಯವರು ಆ ಮನೆಯವರಿಗಾಗಿ ಮರುಗುತ್ತಾರೆ. ನನಗೆ ಎರಡಿವೆ. ಒಂದು ಹಳೆಯ ಮೋಟಾರು ಸೈಕಲ್ಲು, ಇನ್ನೊಂದು ಬೆಳ್ಳಿಯ ಕೆಲಸ. ಮೊದಲನೆಯದು ಮುಂಬಾಗಿಲಲ್ಲಿ ಎಣ್ಣೆ ತೊಟ್ಟಿಕ್ಕಿಸುತ್ತದೆ, ಎರಡನೆಯದು ಹಿತ್ತಿಲಲ್ಲಿ ಹೊಗೆಯೆಬ್ಬಿಸುತ್ತದೆ. ಇವೆರಡರ ನಡುವೆ ಸಂಸಾರ ಮಾಡುವವರ ಪಾಡನ್ನು ವಾಚಕರೇ ಊಹಿಸಿಕೊಳ್ಳಬೇಕು. ಆದರೂ ಈ ಹುಚ್ಚುಗಳು ಕೈಕೈ ಹಿಡಿದ ಮೇಲೆ ನನಗೆ ಒದಗಿದ ಸ್ನೇಹವನ್ನು ನೆನೆದರೆ, ಇನ್ನೊಂದು ಜನ್ಮವಿದ್ದರೂ ಇವೇ ಇರಲಿ ಎನ್ನಿಸುತ್ತದೆ.

ನಮ್ಮ ಮೈಸೂರಿನವರ ಬಾಯಲ್ಲಿ ಮೋಟಾರು ಸೈಕಲ್ಲೆಂದರೆ ಬಹುಕಾಲ ಜಾವಾ ಎಂದೇ ಅರ್ಥ. 1929ರಲ್ಲಿ ಜೆಕೊಸ್ಲೊವಾಕಿಯದಲ್ಲಿ ಯಾನೆಚೆಕ್, ವಾಂಡರರ್ ಎಂಬೆರಡು ಹೆಸರುಗಳ ಮೊದಲಕ್ಷರಗಳು ಕೂಡಿ ಹುಟ್ಟಿದ ಹೆಸರು ಅದು. 1961ರಿಂದ ಈಚೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆ ವಾಹನ ಸಿದ್ಧವಾಗತೊಡಗಿತು. ಮುಂದೆ ಯೆಜ್ಡಿ ಎಂಬ ಹೆಸರು ತಳೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿ ಮರಳಿ ರಸ್ತೆಗಿಳಿದಿದೆಯಾದರೂ ಹೊಸ ವಾಹನ ತಯಾರಾಗುವುದು ಮಧ್ಯಪ್ರದೇಶದಲ್ಲಿ. ಮೈಸೂರಿನ ಹಳೆಯ ವಾಹನಗಳನ್ನು ಮಕ್ಕಳಂತೆ ಸಾಕಿಕೊಂಡವರು ಮಾತ್ರ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಒಂದೆಡೆ ನೆರೆಯುತ್ತಾರೆ. ನನ್ನ ಗಿರಾಕಿಗಳೆಲ್ಲ ಈ ಬಳಗದವರೇ. ಬೆಳ್ಳಿಯ ತೂಕಕ್ಕೆ ಹಣ ತೆಗೆದುಕೊಳ್ಳುತ್ತೇನೆ. ಕೂಲಿಗೆ ಬದಲಾಗಿ ಒಬ್ಬರು ನನ್ನ ಕಾರ್ಬುರೇಟರನ್ನು ಶುಚಿಮಾಡಿಕೊಡುತ್ತಾರೆ, ಇನ್ನೊಬ್ಬರು ಎಲ್ಲಿಂದಲೋ ಹಳೆಯ ಬಿಡಿಭಾಗವೊಂದನ್ನು ಹುಡುಕಿ ತರುತ್ತಾರೆ.

ಬೆಳ್ಳಿಯ ಸ್ವಭಾವ ವಿಚಿತ್ರವಾದುದು. ಅಪ್ಪಟ ಬೆಳ್ಳಿ ಬಹಳ ಮೃದು; ದಿನವೂ ತೊಡುವ ಒಡವೆಗೆ ಆಗದು. ಆದುದರಿಂದ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದುದು ತಾಮ್ರ ಎಂಬ ಲೆಕ್ಕದಲ್ಲಿ ಬೆರೆಸುತ್ತೇನೆ. ಸುತ್ತಿಗೆಯ ಏಟು ಬಿದ್ದಷ್ಟೂ ಅದು ಗಡುಸಾಗುತ್ತ ಹೋಗುತ್ತದೆ; ಮಿತಿ ಮೀರಿದರೆ ಬಿರಿಯುತ್ತದೆ. ಅಷ್ಟರೊಳಗೆ ಮಂದವಾದ ಕೆಂಪು ಬರುವವರೆಗೆ ಕಾಯಿಸಿ ನೀರಿಗಿಳಿಸಿದರೆ ಮತ್ತೆ ಮೆತ್ತಗಾಗಿ ಕೈಗೆ ಬಗ್ಗುತ್ತದೆ. ಆ ಕೆಂಪನ್ನು ಗುರುತಿಸಲು ಕಿಟಕಿ ಮುಚ್ಚಿ ಕತ್ತಲೆ ಮಾಡಿಕೊಳ್ಳಬೇಕು. ಬಿಸಿಲಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಬೆಸುಗೆ ಹಾಕುವಾಗ ಬೇರೊಂದು ಪರೀಕ್ಷೆ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ವೇಗವಾಗಿ ಸಾಗಿಸುವುದು ಬೆಳ್ಳಿಯೇ. ಕೂಡುಭಾಗವೊಂದನ್ನೇ ಕಾಯಿಸಿದರೆ ಶಾಖವೆಲ್ಲ ಸುತ್ತಲೂ ಹರಿದುಹೋಗುತ್ತದೆ; ಒಡವೆಯನ್ನು ಇಡಿಯಾಗಿ ಕಾಯಿಸಿದಾಗಲೇ ಬಿಳಿಗಾರ ಹಚ್ಚಿದ ಬೆಸುಗೆ ಕರಗಿ ಸಂದಿಗೆ ಇಳಿಯುತ್ತದೆ.

ಅಂಗಡಿಯ ಉಂಗುರ ನೋಡುವ ಕಣ್ಣನ್ನು ಮೆಚ್ಚಿಸಬೇಕು. ಸವಾರನ ಉಂಗುರ ಹ್ಯಾಂಡಲ್ ಹಿಡಿಯುವ ಕೈಯನ್ನು ಮೆಚ್ಚಿಸಬೇಕು. ಅಂಗೈಯ ಕಡೆಗೆ ಪಟ್ಟಿ ಅಗಲವಾಗಿದ್ದರೆ ನಾಲ್ಕಾರು ಮೈಲಿ ಕಳೆಯುವುದರೊಳಗೆ ಚರ್ಮ ನೋಯುತ್ತದೆ. ಅದಕ್ಕೆಂದೇ ಹಿಂಬದಿಯನ್ನು ಕಿರಿದುಮಾಡಿ, ಒಳಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡುತ್ತೇನೆ. ಕೈಚೀಲಕ್ಕೆ ಸಿಕ್ಕುವ ಉಬ್ಬು ಕೆತ್ತನೆ ಕೂಡದು. ಬಿಸಿಲಿನಲ್ಲಿ ಬೆರಳು ಊದಿಕೊಳ್ಳುವುದರಿಂದ ಅಳತೆಯನ್ನು ಮಧ್ಯಾಹ್ನವೇ ತೆಗೆಯುವುದು ನನ್ನ ಪದ್ಧತಿ.

ಇಷ್ಟೆಲ್ಲ ಮಾಡಿ ಉಂಗುರವನ್ನು ಕೈಗಿಡುವಾಗ ನಾನು ಹೇಳುವ ಮೊದಲ ಮಾತು, ಅದನ್ನು ಯಾವಾಗ ತೆಗೆದಿಡಬೇಕೆಂಬುದು. ಓಡುವ ಸರಪಣಿಗೆ ಉಂಗುರ ಸಿಕ್ಕಿದರೆ ಬೆರಳೇ ಹೋದೀತು. ಶಾಖವನ್ನು ಒಯ್ಯುವಂತೆ ವಿದ್ಯುತ್ತನ್ನು ಒಯ್ಯುವುದರಲ್ಲೂ ಬೆಳ್ಳಿಯೇ ಮೊದಲು. ಬ್ಯಾಟರಿಯ ತುದಿಗೂ ವಾಹನದ ಕಬ್ಬಿಣಕ್ಕೂ ನಡುವೆ ಉಂಗುರ ತಾಗಿದರೆ ಕ್ಷಣಾರ್ಧದಲ್ಲಿ ಅದು ಕಾದ ಬಳೆಯಂತಾಗಿ ಬೆರಳನ್ನು ಸುಡುತ್ತದೆ. ತಾನು ಮಾರುವ ಒಡವೆಯನ್ನು ತೆಗೆದಿಡಿರೆಂದು ಬೋಧಿಸುವ ಅಕ್ಕಸಾಲಿಗನನ್ನು ಕಂಡು ಗೆಳೆಯರು ನಗುತ್ತಾರೆ. ನಗಲಿ. ಅಪಘಾತ ತಡೆಯುವ ತಾಯಿತ ಮಾಡಿಕೊಡೆಂದು ಕೇಳುವವರಿಗೂ ನನ್ನದು ಒಂದೇ ಉತ್ತರ: “ತಾಯಿತ ಕೊರಳಿಗಾಯಿತು, ತಲೆಗೆ ಶಿರಸ್ತ್ರಾಣವಿದೆಯೆ?” ಸಹಸವಾರನಿಗೆ ಸುಳ್ಳು ಧೈರ್ಯವನ್ನು ಮಾರಲು ನನಗೆ ಮನಸ್ಸು ಬಾರದು.

ಬೆಳ್ಳಿಗಿಂತ ಭಾರವಾದುದನ್ನು ಹೊತ್ತು ಬರುವವರೂ ಉಂಟು. ಕಳೆದ ವರ್ಷ ಗೆಳೆಯನೊಬ್ಬ ಕಾಲವಾದ ತನ್ನ ತಂದೆಯ ಉಡಿದಾರವನ್ನು ಕರವಸ್ತ್ರದಲ್ಲಿ ಕಟ್ಟಿ ತಂದ. ಜೊತೆಯಲ್ಲಿ ಅವನ ತಾಯಿಯೂ ಬಂದಿದ್ದರು. ಆ ತಂದೆ ಯಾದವಗಿರಿಯ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. ಸ್ವಂತಕ್ಕೆ ಇದ್ದುದು ಮಾತ್ರ ಸೈಕಲ್ಲು. ಮಗ ಈಗ ತಂದೆಯ ಕಾಲದ ಒಂದು ಜಾವಾ ಸಂಪಾದಿಸಿದ್ದ. ಉಡಿದಾರ ಕರಗಿಸಿ, ಆ ವಾಹನದ ಬೀಗದ ಕೈಗೆ ಒಂದು ತೂಗುಪದಕ ಮಾಡಿಕೊಡಬೇಕೆಂಬುದು ಅವನ ಕೋರಿಕೆ.

ಕರಗಿಸಿದ ಒಡವೆ ಮತ್ತೆ ಮೊದಲಿನಂತಾಗದು. ನಾನು ಆ ತಾಯಿಯ ಮುಖ ನೋಡಿದೆ.

“ತಮ್ಮ ಒಪ್ಪಿಗೆಯಿದೆಯೆ, ಅಮ್ಮಾ?” ಎಂದೆ.

“ಪೆಟ್ಟಿಗೆಯಲ್ಲಿ ಕಪ್ಪಗಾಗುವುದಕ್ಕಿಂತ ಇವನ ಕೈಯಲ್ಲಿರಲಿ, ಕರಗಿಸಪ್ಪ” ಎಂದರು. ಸ್ವಲ್ಪ ತಡೆದು, “ಒಂದು ಕೊಂಡಿಯನ್ನು ಮಾತ್ರ ಹಾಗೆಯೇ ಉಳಿಸು. ಅವರ ಮೈಗೆ ತಾಗಿದ್ದು” ಎಂದರು.

ಹಳೆಯ ಜಾವಾದಲ್ಲಿ ಗೇರು ಬದಲಿಸುವ ಸನ್ನೆ, ಕಿಕ್ಕು ಹೊಡೆಯುವ ಸನ್ನೆ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರಿನ ಸನ್ನೆಯೇ ಕಿಕ್ಕಾಗುತ್ತದೆ. ಪದಕಕ್ಕೆ ಆ ಆಕಾರವನ್ನೇ ಆರಿಸಿದೆ. ಮೂಸೆಯಲ್ಲಿ ಬಿಳಿಗಾರದೊಡನೆ ಬೆಳ್ಳಿ ಬಾಡಿ, ಕುಸಿದು, ಕಡೆಗೆ ಕನ್ನಡಿಯಂತೆ ಹೊಳೆದಾಗ ತಾಯಿ ಮಗ ಇಬ್ಬರೂ ಮಾತಾಡಲಿಲ್ಲ. ಅಚ್ಚಿಗೆ ಹೊಯ್ದು, ಬಡಿದು, ಅರದಿಂದ ತಿದ್ದಿ, ಸನ್ನೆ ತಿರುಗುವಂತೆ ಸಣ್ಣದೊಂದು ಕೀಲು ಕೂಡಿಸುವುದಕ್ಕೆ ನಾಲ್ಕು ಭಾನುವಾರ ಹಿಡಿಯಿತು. ಕರಗಿಸದೆ ಉಳಿಸಿದ ಕೊಂಡಿಯನ್ನು ತುದಿಗೆ ಸೇರಿಸಿದೆ. ಬೀಗದ ಕೈ ಈಗ ತೂಗುವುದು ಅದರಲ್ಲಿಯೇ. ಆ ಕೊಂಡಿಗೆ ಮೆರುಗು ಕೊಡಲಿಲ್ಲ. ವರ್ಷಾನುವರ್ಷ ಸವೆದು ಬಂದಿದ್ದ ನುಣುಪು ಅದರಲ್ಲಿ ಆಗಲೇ ಇತ್ತು.

ಬೆಳ್ಳಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಕಪ್ಪಗಾಗುತ್ತದೆ. ಆಮೇಲೆ ಹುಣಿಸೆಹಣ್ಣು ಹಾಕಿ ಉಜ್ಜಬೇಕು. ನಿತ್ಯವೂ ತೊಟ್ಟರೆ ಮೈಯ ಉಜ್ಜುವಿಕೆಯಿಂದಲೇ ಬೆಳಗುತ್ತಿರುತ್ತದೆ. ಮೋಟಾರು ಸೈಕಲ್ಲಿನ ಧರ್ಮವೂ ಅದೇ: ಕೊಟ್ಟಿಗೆಯಲ್ಲಿ ನಿಂತದ್ದು ತುಕ್ಕು ಹಿಡಿಯುತ್ತದೆ, ಓಡಿದ್ದು ಉಳಿಯುತ್ತದೆ. ಆದುದರಿಂದ ಒಡವೆ ಮಾಡಿಸಿಕೊಂಡವರನ್ನು ನಾನು ಕೇಳಿಕೊಳ್ಳುವುದಿಷ್ಟೆ: ಹಬ್ಬಕ್ಕೆಂದು ಎತ್ತಿಡಬೇಡಿ, ದಿನವೂ ತೊಟ್ಟು ಸವೆಸಿ. ಸವೆದರೆ ಮತ್ತೆ ಬನ್ನಿ. ಹಿತ್ತಿಲಲ್ಲಿ ಕುಲುಮೆಯಿದೆ, ಮುಂಬಾಗಿಲಲ್ಲಿ ನಿಮ್ಮ ವಾಹನಕ್ಕೂ ಜಾಗವಿದೆ. ಎಣ್ಣೆಯ ಕಲೆಗೆ ನಮ್ಮ ಮನೆಯವರು ಈಗ ಒಗ್ಗಿಕೊಂಡಿದ್ದಾರೆ.