ಪಾತ್ರೆ ಮೇಲಿನ ಹೆಸರು

ಬೇರಿಂಗ್, ವಾಲ್ವುಗಳ ಮೇಲೆ ಪಾರ್ಟ್ ನಂಬರ್, ಬ್ಯಾಚ್ ನಂಬರ್, ಕ್ಯೂಆರ್ ಕೋಡ್ ಹಾಕಿಕೊಡುವುದು ಪೀಣ್ಯದ ನಮ್ಮ ಶೆಡ್ಡಿನ ಹೊಟ್ಟೆಪಾಡು. ನನ್ನ ಜೀವ ಇರುವುದು ಮಾತ್ರ ಮದುವೆ ಸೀಸನ್ನಿನಲ್ಲಿ ಬಂದಿಳಿಯುವ ಸ್ಟೀಲ್ ಪಾತ್ರೆಗಳ ಮೇಲೆ.

ಇದನ್ನೆಲ್ಲ ಬರೆಯುವ ನಮ್ಮ ಫೈಬರ್ ಲೇಸರಿನ ಒಳಗಿರುವುದು ಯಿಟರ್ಬಿಯಂ ಬೆರೆಸಿದ ಗಾಜಿನ ಎಳೆ. ಅದರಿಂದ ಹೊರಡುವ 1064 ನ್ಯಾನೊಮೀಟರಿನ ಬೆಳಕು ಕಣ್ಣಿಗೆ ಕಾಣದು, ಕಣ್ಣನ್ನೇ ಕೆಡಿಸಬಲ್ಲದು. ಸರಿಯಾದ ಕನ್ನಡಕ ಹಾಕದವರನ್ನು ನಾನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎರಡು ಪುಟ್ಟ ಕನ್ನಡಿಗಳು ಆ ಬೆಳಕನ್ನು ಅತ್ತಿತ್ತ ಓಡಾಡಿಸುತ್ತವೆ. ಪಾತ್ರೆ ಅಲುಗುವುದಿಲ್ಲ, ಯಾವ ಮೊಳೆಯೂ ಅದನ್ನು ಮುಟ್ಟುವುದಿಲ್ಲ.

ಮಜಾ ಇರುವುದು ಸೆಟ್ಟಿಂಗಿನಲ್ಲಿ. ಬೀಮನ್ನು ವೇಗವಾಗಿ ಓಡಿಸಿದರೆ ಸ್ಟೀಲಿನ ಮೇಲೆ ಬೆಳ್ಳನೆಯ ಗೆರೆ. ಅದೇ ಮೆಷಿನ್ನಿನಲ್ಲಿ ವೇಗ ತಗ್ಗಿಸಿ, ಫೋಕಸ್ ತುಸು ತಪ್ಪಿಸಿ ಲೋಹವನ್ನು ಹದವಾಗಿ ಕಾಯಿಸಿ: ಮೇಲೆ ಆಕ್ಸೈಡಿನ ಪೊರೆ ಕಟ್ಟಿ ಅಕ್ಷರ ಕಪ್ಪಗೆ ಮೂಡುತ್ತದೆ. ಉಗುರಾಡಿಸಿದರೆ ಏನೂ ತಗಲದು. ಆಪರೇಷನ್ ಕತ್ತರಿಗಳಿಗೆ ಇದೇ ಬೇಕು, ಕೊರೆದ ಗುಂಡಿಯಲ್ಲಿ ಕೊಳೆ ಕೂರುತ್ತದಲ್ಲ! ಹದ ಮೀರಿ ಕಾಯಿಸಿದಿರೋ, ಸ್ಟೇನ್‌ಲೆಸ್ ಅನ್ನಿಸಿಕೊಂಡದ್ದಕ್ಕೂ ತುಕ್ಕು ಹಿಡಿಯುತ್ತದೆ. ಪಲ್ಸಿನ ಅಗಲ ಬದಲಿಸಬಲ್ಲ ಮೋಪಾ ಮೆಷಿನ್ ಇದ್ದರೆ ಪೊರೆಯ ದಪ್ಪಕ್ಕೆ ತಕ್ಕಂತೆ ಹೊನ್ನು, ನೀಲಿ, ನೇರಳೆ. ಮಳೆಗೆ ನೆನೆದ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲಿನ ಬಣ್ಣಗಳ ಹಾಗೆ, ಬಣ್ಣದ ಒಂದು ತೊಟ್ಟೂ ಇಲ್ಲದೆ. ತಾಮ್ರ ಮಾತ್ರ ಹಠಮಾರಿ, ಬೀಮನ್ನು ಹಿಂದಕ್ಕೇ ಎಸೆಯುತ್ತದೆ.

ಚಿನ್ನದ ಒಡವೆಯ ಮೇಲಿನ ಆರಕ್ಷರದ ಗುರುತಿನ ಕೋಡ್ ಎಚ್‌ಯುಐಡಿ ಕೂಡ ಲೇಸರಿನದೇ ಕೆಲಸ. 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಭೂತಗನ್ನಡಿ ಹಿಡಿದರೇ ಕಾಣುವಷ್ಟು ಸಣ್ಣ ಬರಹ. ಅಚ್ಚುಕಟ್ಟು ನಿಜ, ಆದರೆ ಅದರಲ್ಲಿ ನನಗೆ ರುಚಿಯಿಲ್ಲ.

ರುಚಿ ಒತ್ತಕ್ಷರದಲ್ಲಿದೆ. ನಮ್ಮ ಮೆಷಿನ್ನಿನ ಜೊತೆ ಬಂದ ಸಾಫ್ಟ್‌ವೇರಿಗೆ ‘ಲಕ್ಷ್ಮಮ್ಮ’ ಎಂದು ಕೊಟ್ಟರೆ ಕ, ಷ, ಮ ಮುನಿಸಿಕೊಂಡು ಬೇರೆ ಬೇರೆ ನಿಲ್ಲುತ್ತವೆ. ಹಾಗಾಗಿ ಕೋರೆಲ್‌ಡ್ರಾದಲ್ಲಿ ಬರೆದು, ಕರ್ವ್, ಅಂದರೆ ಬರೀ ಗೆರೆ, ಮಾಡಿ ತರಬೇಕು. ಅಷ್ಟಕ್ಕೇ ಮುಗಿಯದು. ಒತ್ತು ಮೇಲಿನ ಅಕ್ಷರಕ್ಕೆ ತಾಗಿದ ಕಡೆ ಒಳಗನ್ನು ತುಂಬುವ ಹ್ಯಾಚ್ ಗೆರೆಗಳು ಬೀಳದೆ ಖಾಲಿ ಉಳಿಯುತ್ತದೆ. ಎರಡನ್ನೂ ವೆಲ್ಡ್ ಮಾಡಿ ಒಂದೇ ಗೆರೆಯಾಗಿಸಿದರೆ ಮಾತ್ರ ಅಕ್ಷರ ತುಂಬಿಕೊಳ್ಳುತ್ತದೆ.

ಹಿಂದೆ ಪಾತ್ರೆ ಅಂಗಡಿಗಳಲ್ಲಿ ಕರ್ರೆನ್ನುವ ಕೈಮೆಷಿನ್ ಹಿಡಿದು, ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕುತ್ತಿದ್ದವರ ಬರವಣಿಗೆಗೆ ಒಬ್ಬೊಬ್ಬರದೂ ಒಂದೊಂದು ವಾಲು. ಈಚೆಗೆ ಕೆಲವರು ಹಳೇ ತಂಬಿಗೆ ತಂದು, “ಅಮ್ಮನ ಹೆಸರು ಇದರಲ್ಲಿ ಇದ್ದ ಹಾಗೇ ಬರಲಿ ಅಣ್ಣಾ” ಎನ್ನುತ್ತಾರೆ. ಫೋಟೊ ತೆಗೆದು, ಅಡ್ಡಾದಿಡ್ಡಿ ಚುಕ್ಕಿಗಳನ್ನೆಲ್ಲ ಒಂದೊಂದಾಗಿ ಗುರುತಿಸಿಕೊಂಡು ಕೂರುತ್ತೇನೆ. ಇದಕ್ಕೆ ಅಕ್ಷರಕ್ಕಿಷ್ಟೆಂದು ರೇಟು ಕಟ್ಟಿದರೆ ಕರೆಂಟಿನ ದುಡ್ಡೂ ಹುಟ್ಟದೆಂದು ಪಾರ್ಟ್‌ನರ್ ಗೊಣಗುತ್ತಾನೆ. ಆ ಫೈಲುಗಳನ್ನು ಬೇರೆಯೇ ಫೋಲ್ಡರಿನಲ್ಲಿಟ್ಟು, ಅವನ ಕೈಗೆ ಸಿಗದಂತೆ ಪಾಸ್‌ವರ್ಡ್ ಹಾಕಿದ್ದೇನೆ.