ಬುಟ್ಟಿಯ ಲೆಕ್ಕ

ಕರಾವಳಿಯ ಮನೆಗಳಲ್ಲಿ ಎರಡು ಪಂಚಾಂಗಗಳುಂಟು. ಒಂದು ಗೋಡೆಯ ಮೊಳೆಗೆ ತೂಗುವುದು. ಇನ್ನೊಂದು ಕಡಲೇ ಬರೆದುಕೊಡುವುದು. ಮಲ್ಪೆಯ ಸಮೀಪದ ನಮ್ಮ ಬೀದಿಗೆ ಮೀನು ಹೊತ್ತು ತರುವ ಅಕ್ಕನಿಗೆ ಎರಡನೆಯದರಲ್ಲಿಯೇ ನಂಬಿಕೆ ಹೆಚ್ಚು. ಮಳೆಗಾಲದ ಅಬ್ಬರವಿಳಿದು ದೋಣಿಗಳು ಹೊರಟರೆ ಬೂತಾಯಿ ಬರಲೇಬೇಕು. ಬೂತಾಯಿ ಬಂದರೆ ಅವಳ ಸಾಲ ಅರ್ಧ ತೀರಿದಂತೆಯೇ. ಉತ್ತರ ಕನ್ನಡದವರು ತಾರ್ಲೆ ಎನ್ನುವ ಈ ಪುಟ್ಟ ಮೀನು ಬಡವರಿಗೆ ಊಟವೂ ಹೌದು, ಬಂಡವಾಳವೂ ಹೌದು.

ಈಚೆಗೆ ಆ ಪಂಚಾಂಗ ತಪ್ಪತೊಡಗಿದೆ. "ಇವತ್ತೂ ಬೂತಾಯಿ ಇಲ್ಲ ಅಮ್ಮ" ಎಂದು ಅವಳು ಹೇಳಿದರೆ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಪದಾರ್ಥ ಬದಲಾಗುತ್ತದೆ, ಅಷ್ಟೆ. ಅವಳ ಮನೆಯಲ್ಲಿ ತಿಂಗಳೇ ಬದಲಾಗುತ್ತದೆ.

ಮುಂಗಾರಿನ ಗಾಳಿಗೆ ಕಡಲಿನ ತಳದ ತಣ್ಣೀರು ಮೇಲೇರುತ್ತದೆ. ಅದರ ಸತ್ವದಿಂದ ಬೆಳೆಯುವ ಸೂಕ್ಷ್ಮ ಜೀವಿಗಳೇ ಬೂತಾಯಿಯ ಆಹಾರ. ಮೇಲಿನ ನೀರು ಕಾದಷ್ಟೂ ಈ ಬೆರಕೆ ಕುಂದುತ್ತದೆ. ಇದೇ ಕಡಲನ್ನು ನಂಬಿದ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದೊರಕಿತ್ತು. 2021ರಲ್ಲಿ 4 ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಎಲ್ಲವನ್ನೂ ಬಿಸಿಲಿನ ಮೇಲೆ ಹೊರಿಸುವುದು ನ್ಯಾಯವಲ್ಲ; ಮರಿಗಳನ್ನೂ ಬಿಡದೆ ಬಾಚುವ ಬಲೆಗಳಿಗೂ ಇದರಲ್ಲಿ ಪಾಲುಂಟು. ಮರುವರ್ಷವೇ ಅಲ್ಲಿ ಲಕ್ಷ ಟನ್ ಮೀನು ಮರಳಿತು, ನಿಜ. ಆದರೆ ಬರುವುದೋ ಬಾರದೋ ತಿಳಿಯದ ಮೀನನ್ನು ನಂಬಿ ಸಂಸಾರ ನಡೆಸುವುದು ಹೇಗೆ?

ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಹೇಗೂ ರಜೆ. ಅದಕ್ಕೆಂದು ಮನೆಯವರು ಅಕ್ಕಿ, ಒಣಮೀನು ಕೂಡಿಟ್ಟಿರುತ್ತಾರೆ. ಹೇಳದೆ ಬರುವ ರಜೆಗೆ ಏನನ್ನು ಕೂಡಿಡುವುದು? 2019ರಲ್ಲಿ ಅರಬ್ಬೀ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. ಅಕ್ಟೋಬರಿನ 'ಕ್ಯಾರ್' ಬಂದುದು ಮೀನಿನ ಹಂಗಾಮಿನಲ್ಲಿಯೇ. ದೋಣಿ ದಡದಲ್ಲಿ ನಿಂತ ದಿನ ಗಂಡಸಿಗೆ ಪಾಲಿಲ್ಲ, ಹೆಂಗಸಿಗೆ ಬುಟ್ಟಿಯಿಲ್ಲ. ಬಡ್ಡಿಗೆ ಮಾತ್ರ ರಜೆಯಿಲ್ಲ.

ಒಂದು ದಿನ ಅಕ್ಕನ ಕಿವಿ ಬರಿದಾಗಿತ್ತು. ಓಲೆಯೆಲ್ಲಿ ಎಂದೆ. "ಬ್ಯಾಂಕಿನಲ್ಲಿ ಉಂಟು ಅಮ್ಮ. ಮಗಳ ಫೀಸಿಗೆ ಇಟ್ಟದ್ದು. ಬೂತಾಯಿ ಬಂದ್ರೆ ಬಿಡಿಸುವ" ಎಂದು ನಕ್ಕಳು.

ಹೊಲಕ್ಕೆ ಮಳೆ ತಪ್ಪಿದರೆ ಬರವೆಂದು ಸಾರುತ್ತಾರೆ. ಸಾಲದ ಕಂತು ಮುಂದೆ ಹೋಗುವುದೂ ಉಂಟು. ಕಡಲಿಗೆ ಬರ ಬಂದರೆ ಪೇಟೆಯ ನಮಗೆ ಕಾಣುವುದು ಏರಿದ ಬೆಲೆಯೊಂದೇ. ಹತ್ತು ರೂಪಾಯಿಗೆ ಚೌಕಾಶಿ ಮಾಡುವ ಮುನ್ನ, ಆ ಬೆಲೆಯಲ್ಲಿ ಯಾರದೋ ಓಲೆಯೂ ಸೇರಿದೆಯೆಂಬುದು ನಮ್ಮ ನೆನಪಿನಲ್ಲಿರಲಿ.